ಹಮೀದಾ ಹಾಕಿದ ಜಾಯಿಂಟು

ಒರಳುಕಲ್ಲಿನ ಮೇಲೊಂದು ಮಣೆ, ಮಣೆಯ ಮೇಲೆ ಹಮೀದಾ, ಹಮೀದಾಳ ಹಲ್ಲಿನ ನಡುವೆ ಒಂದು ವಯರು.

"ಮೇನು ಸ್ವಿಚ್ಚು ತೆಗ್ದಿದ್ದೀಯೇನೇ?" ಮಣೆ ಅಲ್ಲಾಡದಂತೆ ಕೆಳಗೆ ಹಿಡಿದುಕೊಂಡಿದ್ದ ಸುನಂದಿ ಕೇಳಿದಳು.

ಹಮೀದಾ ವಯರನ್ನು ಬಾಯಿಂದ ತೆಗೆದಳು. "ತೆಗೀದೆ ಯಾರಾದ್ರೂ ವಯರು ಕಚ್ತಾರಾ? ನಾನೇನು ಪೆದ್ದಿನಾ?"

ವಯರಿನ ಮೇಲಿನ ಹತ್ತಿನೂಲು ಅವಳ ಹಲ್ಲಿಗೆ ಸಿಕ್ಕಿಕೊಂಡಿತ್ತು. ರಬ್ಬರಿನ ರುಚಿ ಹಾಗಲಕಾಯಿಗಿಂತ ಕಹಿಯಾಗಿತ್ತು. ಆದರೂ ಅವಳು ಮುಖ ಗಂಟಿಕ್ಕಲಿಲ್ಲ. ಅವಳ ಅಬ್ಬಾ ಒಮ್ಮೊಮ್ಮೆ ಹೀಗೇ ಹಲ್ಲಿನಿಂದ ವಯರು ಸುಲಿಯುತ್ತಿದ್ದರು. ಅಬ್ಬಾ ಮುಖ ಗಂಟಿಕ್ಕುತ್ತಿರಲಿಲ್ಲ.

ಹಮೀದಾಳ ಪೂರ್ತಿ ಹೆಸರು ಹಮೀದುನ್ನೀಸಾ. ವಯಸ್ಸು ಹನ್ನೊಂದು. ಅವಳ ಅಬ್ಬಾ ಖದೀರ್ ಸಾಬರು ಹುಣಸೂರಿನಲ್ಲಿ ಮನೆಮನೆಗೆ ಕರೆಂಟಿನ ವಯರು ಹಾಕುವವರು. ಊರಿಗೆ ಕರೆಂಟು ಬಂದು ಹೆಚ್ಚು ದಿನ ಆಗಿರಲಿಲ್ಲ. ದೊಡ್ಡ ಮನೆಯವರು ಒಬ್ಬೊಬ್ಬರಾಗಿ ದೀಪ ಹಾಕಿಸಿಕೊಳ್ಳುತ್ತಿದ್ದ ಕಾಲ ಅದು. ರಜದ ದಿನಗಳಲ್ಲಿ ಅಬ್ಬಾ ಏಣಿ ಹತ್ತಿದರೆ ಹಮೀದಾ ಕೆಳಗೆ ನಿಂತು ಸ್ಕ್ರೂಗಳನ್ನು ಎತ್ತಿ ಕೊಡುತ್ತಿದ್ದಳು. ಎರಡು ಬೇಸಗೆ ರಜ ಸ್ಕ್ರೂ ಎತ್ತಿಕೊಟ್ಟ ಮೇಲೆ, ಕರೆಂಟಿನ ವಿಷಯದಲ್ಲಿ ತನಗೆ ಗೊತ್ತಿಲ್ಲದ್ದು ಇನ್ನೇನೂ ಉಳಿದಿಲ್ಲ ಎಂದು ಅವಳಿಗೆ ಖಾತ್ರಿಯಾಗಿತ್ತು.

ಸುನಂದಿ ಅವಳ ಕ್ಲಾಸಿನವಳು. ಸುನಂದಿಯ ಅಪ್ಪ ಲಿಂಗಣ್ಣನವರಿಗೆ ಹಾರನಹಳ್ಳಿಯಲ್ಲಿ ಗದ್ದೆ, ಹುಣಸೂರಿನಲ್ಲಿ ಮನೆ. ಆ ಮನೆಯ ಜಗಲಿಗೆ ಮತ್ತು ಪಡಸಾಲೆಗೆ ಖದೀರ್ ಸಾಬರು ದೀಪ ಹಾಕಿದ್ದರು. ಅಡುಗೆಮನೆಯ ಕೆಲಸ ಮಾತ್ರ ಬಾಕಿ ಇತ್ತು. ಸ್ವಿಚ್ಚು ಕೂರಿಸಿದ್ದರು, ಅಷ್ಟೇ. ಅಷ್ಟರಲ್ಲಿ ಅವರಿಗೆ ಚಳಿಜ್ವರ ಬಂದು ಕಂಬಳಿ ಹೊದ್ದು ಮಲಗಿಬಿಟ್ಟರು. ಇವತ್ತಿಗೆ ಐದನೇ ದಿನ.

ಇದರಿಂದ ಎಲ್ಲರಿಗಿಂತ ಹೆಚ್ಚು ಬೇಜಾರಾಗಿದ್ದು ಲಿಂಗಣ್ಣನವರ ತಾಯಿಗೆ. ಅವರನ್ನು ಮನೆಯವರೆಲ್ಲ ದೊಡ್ಡಮ್ಮ ಎನ್ನುತ್ತಿದ್ದರು. ಕಣ್ಣಿಗೆ ಪೊರೆ ಬಂದಿತ್ತು. ಸುನಂದಿಯ ಅಮ್ಮ ತಂಗಿಯ ಬಾಣಂತನಕ್ಕೆಂದು ಕಂಪಲಾಪುರಕ್ಕೆ ಹೋಗಿದ್ದರಿಂದ ಅಡುಗೆಯೆಲ್ಲ ದೊಡ್ಡಮ್ಮನದೇ. ಹಿಂದಿನ ದಿನ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದರು.

"ಪಡಸಾಲೆಗೆ ಬೆಳಕು ಕೊಟ್ರಂತೆ. ಪಡಸಾಲೇಲಿ ಕೂತ್ಕಂಡು ಯಾರವ್ವ ಅನ್ನ ಬೇಯಿಸ್ತಾರೆ?" ಎಂದು ಅವರು ಗೊಣಗಿದ್ದನ್ನು, ಸ್ಕೂಲು ಬಿಟ್ಟ ಮೇಲೆ ಆಡಲು ಬಂದಿದ್ದ ಹಮೀದಾ ಕೇಳಿಸಿಕೊಂಡಳು.

"ನಾನು ಹಾಕಿಕೊಡ್ತೀನಿ ದೊಡ್ಡಮ್ಮ. ಅರ್ಧ ಗಂಟೆ ಕೆಲಸ," ಎಂದಳು.

ಈ ಮಾತು ಬಾಯಿಂದ ಹೊರಟಾಗ ತನ್ನ ಕತ್ತು ಎಷ್ಟು ಉದ್ದವಾಗಿತ್ತು ಎಂದು ಹಮೀದಾ ದೊಡ್ಡವಳಾದ ಮೇಲೂ ಕೈಯಲ್ಲಿ ಅಳೆದು ತೋರಿಸಿ ನಗುತ್ತಿದ್ದಳು.

ದೊಡ್ಡಮ್ಮ ಅಡುಗೆಮನೆಗೆ ಹೊರಗಿನವರನ್ನು ಸುಲಭವಾಗಿ ಬಿಡುವವರಲ್ಲ. ಖದೀರ್ ಸಾಬರು ಸ್ವಿಚ್ಚು ಹಾಕಲು ಬಂದ ದಿನ ಮಡಕೆಗಳನ್ನೆಲ್ಲ ಹಿತ್ತಲಿಗೆ ಸಾಗಿಸಿದ್ದರು. ಈಗ ಒಂದು ಗಳಿಗೆ ಯೋಚಿಸಿದರು. ಆಮೇಲೆ ಹೇಳಿದರು, "ಕಾಲು ತೊಳ್ಕೊಂಡು ಬಾ."

ಕೆಲಸ ಶುರುವಾದ ಮೇಲೆ ಒಂದೊಂದೇ ತೊಂದರೆ ಕಾಣಿಸಿತು.

ಮೊದಲನೆಯದು, ಅಟ್ಟದ ಮೇಲೆ ಅಬ್ಬಾ ಬಿಟ್ಟುಹೋಗಿದ್ದ ವಯರು ಸ್ವಿಚ್ಚಿನಿಂದ ಒಲೆಯ ಹತ್ತಿರದವರೆಗೆ ಬರುತ್ತಿರಲಿಲ್ಲ. ಎರಡು ಮೊಳ ಕಮ್ಮಿ. ಅಲ್ಲೇ ಇನ್ನೊಂದು ತುಂಡಿತ್ತು. ಹಮೀದಾ ಎರಡನ್ನೂ ಸೇರಿಸಿ ತಿರುಚಿದಳು. ಜಾಯಿಂಟಾಯಿತು.

ಎರಡನೆಯದು, ಜಾಯಿಂಟಿಗೆ ಸುತ್ತಲು ಟೇಪಿರಲಿಲ್ಲ. ಅದು ಅಬ್ಬಾನ ಚೀಲದಲ್ಲಿ, ಮನೆಯಲ್ಲಿ ಇತ್ತು. ಮನೆಗೆ ಹೋದರೆ ಅಬ್ಬಾ ಯಾಕೆ ಎಂದು ಕೇಳುತ್ತಾರೆ. ಹಮೀದಾ ಹಳೇ ಸೀರೆಯ ಚೂರೊಂದನ್ನು ಹರಿದು, ಬೆರಳಿಗೆ ಗಾಯವಾದಾಗ ಕಟ್ಟುವಂತೆ ಕಟ್ಟಿದಳು.

ಮೂರನೆಯದು, ವಯರನ್ನು ಒಳಗಿಟ್ಟು ಮುಚ್ಚುವ ಮರದ ಪಟ್ಟಿ ಇರಲಿಲ್ಲ. ವಯರು ಗಾಳಿಯಲ್ಲಿ ಜೋತಾಡತೊಡಗಿತು. ಒಲೆಯ ಮೇಲುಗಡೆ, ಸೌಟುಗಳನ್ನು ತೂಗುಹಾಕುವ ಕಬ್ಬಿಣದ ಸರಳೊಂದಿತ್ತು. ಹಮೀದಾ ವಯರನ್ನು ಅದಕ್ಕೇ ಎರಡು ಸುತ್ತು ಸುತ್ತಿದಳು. ಸೀರೆಚೂರಿನ ಜಾಯಿಂಟು ಸರಿಯಾಗಿ ಸರಳಿನ ಮೇಲೇ ಬಂದು ಕೂತಿತು.

ಅಬ್ಬಾ ಹೀಗೆ ಮಾಡುವುದಿಲ್ಲ ಎಂದು ಅವಳಿಗೆ ಅನ್ನಿಸದೆ ಇರಲಿಲ್ಲ. ಅಬ್ಬಾ ಒಂದು ದೀಪಕ್ಕೆ ಎರಡು ದಿನ ತೆಗೆದುಕೊಳ್ಳುತ್ತಿದ್ದರು. ಪಟ್ಟಿ ಕೊಯ್ಯುತ್ತಿದ್ದರು, ಉಜ್ಜುತ್ತಿದ್ದರು, ಒಂದು ಕಣ್ಣು ಮುಚ್ಚಿ ನೆಟ್ಟಗಿದೆಯೇ ಎಂದು ನೋಡುತ್ತಿದ್ದರು. ಅಬ್ಬಾ ಸ್ವಲ್ಪ ಸ್ಲೋ ಎಂದು ಹಮೀದಾ ತೀರ್ಮಾನಿಸಿದಳು.

ಅಬ್ಬಾ ತಂದಿಟ್ಟಿದ್ದ ಬಲ್ಬನ್ನು ವಯರಿನ ತುದಿಗೆ ಸಿಕ್ಕಿಸಿ, ಪಡಸಾಲೆಗೆ ಹೋಗಿ ಮೇನು ಹಾಕಿದಳು. ಸ್ವಿಚ್ಚು ಒತ್ತಿದಳು. ಬಲ್ಬು ಹತ್ತಿತು.

ದೊಡ್ಡಮ್ಮ ಬಾಗಿಲಲ್ಲಿ ನಿಂತು ಕಣ್ಣು ಕಿರಿದು ಮಾಡಿಕೊಂಡು ನೋಡಿದರು. ಗೋಡೆಯ ಮಸಿ ಕಾಣಿಸಿತು. ಜೇಡರ ಬಲೆ ಕಾಣಿಸಿತು. ಉಪ್ಪಿನ ಮರಿಗೆಯ ಹಿಂದಿನಿಂದ ಒಂದು ಹಲ್ಲಿ ಓಡಿತು.

"ಅಯ್ಯೋ ಶಿವನೇ, ಇಷ್ಟು ವರ್ಷ ನಾನು ಇಂತಾ ಕೊಳಕಲ್ಲಿ ಬೇಯಿಸ್ತಿದ್ನಾ?" ಎಂದರು. ಆಮೇಲೆ ಡಬ್ಬಿಯಿಂದ ಎರಡು ಕಡಲೆ ಉಂಡೆ ತೆಗೆದು ಹಮೀದಾಳ ಕೈಗೆ ಹಾಕಿದರು. "ನಿಮ್ಮಪ್ಪಂಗಿಂತ ನೀನೇ ವಾಸಿ ಕಣವ್ವ."

ಹಮೀದಾ ಅದನ್ನು ಸುಳ್ಳು ಎನ್ನಲಿಲ್ಲ.

ಮರುದಿನ ಸ್ಕೂಲಿನಲ್ಲಿ ಸುನಂದಿ ಎಲ್ಲರಿಗೂ ಹೇಳಿದಳು. ಹೇಳುತ್ತ ಹೇಳುತ್ತ ಮಣೆ ಏಣಿಯಾಯಿತು, ಅರ್ಧ ಗಂಟೆ ಕಾಲು ಗಂಟೆಯಾಯಿತು. ಹಮೀದಾ ಯಾವುದನ್ನೂ ತಿದ್ದಲಿಲ್ಲ. ಟೀಚರಮ್ಮನ ಕಿವಿಗೂ ಸುದ್ದಿ ಬಿತ್ತು. ಅವರು ಅವಳನ್ನು ಕರೆದು, ಮಹಾರಾಜರ ಪಟದ ಕೆಳಗೆ ನಿಲ್ಲಿಸಿ, "ಕರೆಂಟು ಎಲ್ಲಿಂದ ಬರುತ್ತೆ, ಹೇಳಮ್ಮ," ಎಂದರು.

"ಶಿವನಸಮುದ್ರದಿಂದ, ಮಿಸ್. ಅಲ್ಲಿಂದ ಇಲ್ಲಿವರೆಗೆ ಕಂಬದ ಮೇಲೇ ನಡ್ಕೊಂಡು ಬರುತ್ತೆ. ಅದಕ್ಕೆ ಸುಸ್ತಾಗಲ್ಲ."

"ಮುಟ್ಟಿದರೆ?"

"ತಿಳಿದವರು ಮುಟ್ಟಿದರೆ ಏನೂ ಮಾಡಲ್ಲ, ಮಿಸ್."

ಟೀಚರಮ್ಮನಿಗೂ ಕರೆಂಟಿನ ವಿಷಯ ಅಷ್ಟಾಗಿ ಗೊತ್ತಿರಲಿಲ್ಲ. ಕ್ಲಾಸಿನವರೆಲ್ಲ ಚಪ್ಪಾಳೆ ತಟ್ಟಿದರು.

ಆ ಸಂಜೆ ಅಬ್ಬಾ ಕಂಬಳಿಯೊಳಗಿನಿಂದಲೇ ಕೇಳಿದರು, "ಲಿಂಗಣ್ಣನವರ ಮನೆಯಿಂದ ಯಾರಾದರೂ ಬಂದಿದ್ದರಾ ಬೇಟಾ? ಅಡುಗೆಮನೆ ಕೆಲಸ ಹಾಗೇ ಇದೆ."

"ಅವರಿಗೇನೂ ಅವಸರ ಇಲ್ವಂತೆ, ಅಬ್ಬಾ," ಎಂದಳು ಹಮೀದಾ. ಹೇಳಿದ ಕೂಡಲೇ ಅಜ್ಜಿ ಗುಲ್ಜಾರ್ ಬೀ ಕಾಯಿಸಿದ ಗಂಜಿಯನ್ನು ಅಬ್ಬಾನಿಗೆ ತಂದುಕೊಟ್ಟಳು. ಸುಳ್ಳು ಹೇಳಿದ ದಿನ ಅವಳು ಯಾವಾಗಲೂ ಮನೆಗೆಲಸದಲ್ಲಿ ಚುರುಕು.

ಮೂರನೇ ದಿನ ಬೆಳಿಗ್ಗೆ ಪ್ರಾರ್ಥನೆಗೆ ಸಾಲು ನಿಂತಾಗ ಸುನಂದಿ ಪಿಸುಗುಟ್ಟಿದಳು, "ನಮ್ಮ ದೊಡ್ಡಮ್ಮಂಗೆ ಅರಳುಮರಳು ಕಣೇ. ಸೌಟು ಕಚ್ತದೆ ಅಂತಾರೆ."

"ಸೌಟು ಕಚ್ಚುತ್ತಾ?"

"ಊಂ. ಸರಳಿಂದ ಸೌಟು ತೆಗೆಯೋವಾಗ ಕೈ ಜುಮ್ ಅಂತದಂತೆ. ನಮ್ಮಪ್ಪ ನಕ್ಕುಬಿಟ್ರು. ವಯಸ್ಸಾಯ್ತು, ಕೈಗೆ ಎಣ್ಣೆ ತಿಕ್ಕೊಳವ್ವ ಅಂದ್ರು."

"ಜೋಮು ಹಿಡಿದಿರುತ್ತೆ. ವಯಸ್ಸಾದವರಿಗೆ ಹಾಗೇ," ಎಂದಳು ಹಮೀದಾ. ಡಾಕ್ಟರರ ಕೆಲಸವೂ ತನಗೆ ಗೊತ್ತು ಎನ್ನುವ ಹಾಗೆ ಹೇಳಿದಳು.

"ಹುರುಳಿ ಬೇಯೋವಾಗ ಜಾಸ್ತಿಯಂತೆ. ಬರೀ ಒಲೆ ಉರಿಯೋವಾಗ ಅಷ್ಟಿಲ್ವಂತೆ. ಜೋಮು ಹುರುಳಿ ನೋಡ್ಕಂಡು ಬತ್ತದಾ?" ಸುನಂದಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಹಮೀದಾ ನಗಲಿಲ್ಲ.

ಹುರುಳಿ ಬೇಯುವಾಗ ಆವಿ ಏಳುತ್ತದೆ. ಆವಿ ನೇರವಾಗಿ ಸರಳಿಗೇ ಹೋಗುತ್ತದೆ. ಸರಳಿನ ಮೇಲೆ ಸೀರೆಚೂರಿದೆ. ಬಟ್ಟೆ ಒದ್ದೆಯಾಗುತ್ತದೆ. ಒದ್ದೆಬಟ್ಟೆಯೊಳಗೆ ಅವಳ ಜಾಯಿಂಟು.

ಭೂಗೋಳದ ಪಾಠದಲ್ಲಿ ಟೀಚರಮ್ಮ ಕಾವೇರಿಯ ಉಪನದಿಗಳನ್ನು ಹೇಳಿಸುತ್ತಿದ್ದರು. ಹಮೀದಾಳ ಸರದಿ ಬಂದಾಗ ಅವಳು ಎದ್ದು ನಿಂತು, "ಸೀರೆಚೂರು," ಎಂದಳು. ಕ್ಲಾಸು ಘೊಳ್ಳೆಂದಿತು. ಚಪ್ಪಾಳೆ ತಟ್ಟಿದವರೇ ಎಲ್ಲ.

ಮಧ್ಯಾಹ್ನದ ಬೆಲ್ಲು ಹೊಡೆದದ್ದೇ ಅವಳು ಸುನಂದಿಯ ಕೈ ಹಿಡಿದು ಓಡಿದಳು.

"ಯಾಕೇ? ಏನಾಯ್ತೇ?" ಎಂದು ಸುನಂದಿ ಏದುಸಿರು ಬಿಡುತ್ತ ಕೇಳುತ್ತಲೇ ಇದ್ದಳು. ಹೇಗಾದರೂ ಮೊದಲೇ ಹೋಗಿ, ಮೇನು ತೆಗೆದು, ಯಾರಿಗೂ ಗೊತ್ತಾಗದ ಹಾಗೆ ಆ ಬಟ್ಟೆಯನ್ನು ಬಿಚ್ಚಿಬಿಡಬೇಕು ಎಂದು ಹಮೀದಾ ಲೆಕ್ಕ ಹಾಕುತ್ತಿದ್ದಳು. ಯಾರಿಗೂ ಗೊತ್ತಾಗದ ಹಾಗೆ ಎನ್ನುವುದೇ ಆಗಲೂ ಅವಳ ತಲೆಯಲ್ಲಿ ಮುಂದಿತ್ತು.

ಅಡುಗೆಮನೆಯ ಬಾಗಿಲಿಗೆ ಬಂದಾಗ ದೊಡ್ಡಮ್ಮ ಆಗತಾನೇ ನೆಲ ತೊಳೆದಿದ್ದರು. ದೀಪ ಉರಿಯುತ್ತಿತ್ತು. ಹುರುಳಿ ಕುದಿಯುತ್ತಿತ್ತು. ಕಲ್ಲುಹಾಸಿನ ನೀರಿನಲ್ಲಿ ಬರಿಗಾಲಲ್ಲಿ ನಿಂತು ಅವರು ಸೌಟಿಗೆ ಕೈ ಎತ್ತಿದರು.

"ಮುಟ್ಟಬೇಡಿ ದೊಡ್ಡಮ್ಮ," ಎಂದು ಹಮೀದಾ ಕೂಗುವಷ್ಟರಲ್ಲಿ ಕೈ ಸರಳಿಗೆ ತಗುಲಿತು.

ದೊಡ್ಡಮ್ಮ ಕೂಗಲಿಲ್ಲ. ಯಾರೋ ಎದೆಗೆ ಕೈಯಿಟ್ಟು ನೂಕಿದಂತೆ ಹಿಂದಕ್ಕೆ ಬಿದ್ದರು. ಒರಳುಕಲ್ಲಿನ ಅಂಚಿಗೆ ಬಲಗೈ ಬಡಿಯಿತು. ಸೌಟು ಎಲ್ಲಿಗೋ ಹಾರಿತು.

ಸುನಂದಿ ಮುಂದೆ ನುಗ್ಗಿದಳು. ಹಮೀದಾ ಅವಳ ಜಡೆ ಹಿಡಿದು ಎಳೆದು, "ಇರು," ಎಂದು ಪಡಸಾಲೆಗೆ ಓಡಿ ಮೇನು ಎಳೆದಳು. ದೀಪ ಆರಿತು. ಆಮೇಲೆ ಇಬ್ಬರೂ ದೊಡ್ಡಮ್ಮನನ್ನು ಎತ್ತಿ ಗೋಡೆಗೆ ಒರಗಿಸಿದರು.

ದೊಡ್ಡಮ್ಮನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಸ್ವಲ್ಪ ಹೊತ್ತು ಬಾಯಿ ತೆರೆದು ಉಸಿರು ಎಳೆದುಕೊಂಡರು. ಮಣಿಕಟ್ಟು ಕಣ್ಣೆದುರಿಗೇ ಊದುತ್ತಿತ್ತು.

"ಕಾಲು ಜಾರ್ತು ಕಣವ್ವ," ಎಂದರು ಕೊನೆಗೆ. "ನೆಲ ಒದ್ದೆ ಇತ್ತು. ನಂದೇ ತಪ್ಪು."

ಸುನಂದಿ ನೀರು ತರಲು ಓಡಿದಳು. ಹಮೀದಾ ಅಲ್ಲೇ ನಿಂತಿದ್ದಳು. ಕಾಲು ಜಾರಿತು ಎಂದು ದೊಡ್ಡಮ್ಮನೇ ಹೇಳಿಯಾಗಿತ್ತು. ಇನ್ನು ಬಟ್ಟೆ ಬಿಚ್ಚಿದರೆ ಮುಗಿಯಿತು. ಮಣೆ ಅಲ್ಲೇ ಇತ್ತು. ಅವಳು ಮಣೆಯನ್ನು ನೋಡಿದಳು, ದೊಡ್ಡಮ್ಮನ ಮಣಿಕಟ್ಟನ್ನು ನೋಡಿದಳು. ಆಮೇಲೆ ಹಿಂದಿರುಗಿ ತನ್ನ ಮನೆಯ ಕಡೆ ಓಡಿದಳು.

ಅಬ್ಬಾ ಕೂತು ಗಂಜಿ ಕುಡಿಯುತ್ತಿದ್ದರು. ಹಮೀದಾ ಬಾಗಿಲಲ್ಲೇ ನಿಂತು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. ಎರಡು ತುಂಡು, ಸೀರೆಚೂರು, ಸರಳು, ಹುರುಳಿ, ದೊಡ್ಡಮ್ಮ. ಕಡಲೆ ಉಂಡೆಯನ್ನೂ ಬಿಡಲಿಲ್ಲ.

ಅಬ್ಬಾ ಬಟ್ಟಲು ಕೆಳಗಿಟ್ಟರು. "ಉಸಿರಾಡ್ತಿದ್ದಾರಾ?"

"ಆಡ್ತಿದ್ದಾರೆ. ಮಾತಾಡಿದರು."

"ಮೇನು?"

"ತೆಗೆದಿದ್ದೀನಿ."

ಅಷ್ಟೇ. ಇನ್ನೇನನ್ನೂ ಕೇಳದೆ ಚೀಲ ಎತ್ತಿಕೊಂಡರು. "ಈ ಜ್ವರದಲ್ಲಿ ಎಲ್ಲಿಗೆ?" ಎಂದು ಗುಲ್ಜಾರ್ ಬೀ ತಡೆದರೂ ನಿಲ್ಲಲಿಲ್ಲ. ಕಂಬಳಿ ಹೊದ್ದುಕೊಂಡೇ ಬೀದಿಗಿಳಿದರು. ಕಾಲು ನಡುಗುತ್ತಿದ್ದುದರಿಂದ ಹಮೀದಾಳ ಹೆಗಲ ಮೇಲೆ ಕೈಯಿಟ್ಟುಕೊಂಡರು. ಕೈ ಬಿಸಿಯಾಗಿತ್ತು, ಭಾರವಾಗಿತ್ತು. ಬೈದರೆ ಚೆನ್ನಾಗಿತ್ತು ಎಂದು ಹಮೀದಾಳಿಗೆ ಅನ್ನಿಸಿತು. ದಾರಿಯುದ್ದಕ್ಕೂ ಅವರು ಬೈಯಲಿಲ್ಲ.

ಅಷ್ಟರಲ್ಲಿ ಲಿಂಗಣ್ಣನವರು ಮನೆಗೆ ಬಂದಿದ್ದರು. ನಾಟಿ ವೈದ್ಯರು ದೊಡ್ಡಮ್ಮನ ಕೈಗೆ ಬಿದಿರುಪಟ್ಟಿ ಕಟ್ಟುತ್ತಿದ್ದರು. ಮೂಳೆ ಮುರಿದಿಲ್ಲ, ಉಳುಕಿದೆ ಎಂದರು.

ಖದೀರ್ ಸಾಬರು ಮೊದಲು ಮೇನು ನೋಡಿದರು. ಆಮೇಲೆ ಒರಳುಕಲ್ಲಿನ ಮೇಲೆ ನಿಂತು ಸೀರೆಚೂರನ್ನು ಸುತ್ತು ಸುತ್ತಾಗಿ ಬಿಚ್ಚಿದರು. ಬಟ್ಟೆ ಒದ್ದೆಯಾಗಿ, ಮಸಿ ಹಿಡಿದು, ಒಳಗಡೆ ಕಂದುಬಣ್ಣಕ್ಕೆ ಸುಟ್ಟಿತ್ತು. ಅದರೊಳಗೆ ಹಮೀದಾಳ ಜಾಯಿಂಟು ಕಾಣಿಸಿತು. ಎರಡು ದಿನದ ಹಿಂದೆ ಅದು ಎಷ್ಟು ಅಂದವಾಗಿ ಕಂಡಿತ್ತು. ಈಗ ಕಾಗೆಗೂಡಿನಿಂದ ಉದುರಿದ ಕಡ್ಡಿಗಳ ಹಾಗಿತ್ತು. ಅಬ್ಬಾ ಎರಡು ಬೆರಳಿನಿಂದ ಮೆಲ್ಲಗೆ ಎಳೆದರು. ಬಿಟ್ಟುಕೊಂಡಿತು.

"ಖದೀರ್ ಸಾಬರೇ," ಎಂದರು ಲಿಂಗಣ್ಣ. ದನಿ ಗಟ್ಟಿಯಾಗಿರಲಿಲ್ಲ, ಆದರೆ ಮೆದುವಾಗಿಯೂ ಇರಲಿಲ್ಲ. "ಮೊನ್ನೆ ನಾನು ಹೊಲದಿಂದ ಬರೋ ಹೊತ್ತಿಗೆ ದೀಪ ಉರೀತಿತ್ತು. ನೀವೇ ಬಂದು ಹಾಕಿದ್ರಿ ಅನ್ಕೊಂಡಿದ್ದೆ. ನಿಮ್ಮ ಕೆಲಸ ಹಿಂಗಿರ್ತದಾ?"

ಅಬ್ಬಾ ಬಾಯಿ ತೆರೆಯುವ ಮೊದಲೇ ಹಮೀದಾ ಮುಂದೆ ಬಂದಳು. "ನಾನು ಹಾಕಿದ್ದು. ಅಬ್ಬಾಗೆ ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ. ದೊಡ್ಡಮ್ಮನ ಕಾಲು ಜಾರಲಿಲ್ಲ. ಕರೆಂಟು ಹೊಡೆದದ್ದು."

ಲಿಂಗಣ್ಣ ಅವಳನ್ನೂ ನೋಡಿದರು, ಮೇಲೆ ನೇತಾಡುತ್ತಿದ್ದ ವಯರನ್ನೂ ನೋಡಿದರು.

"ನಮ್ಮವ್ವ ಹೋಗಿಬಿಟ್ಟಿದ್ರೆ?" ಎಂದರು.

ಅಬ್ಬಾ ಬಿಚ್ಚಿದ ಸೀರೆಚೂರನ್ನು ಹಮೀದಾ ಎತ್ತಿಕೊಂಡು ಮುಷ್ಟಿಯೊಳಗೆ ಮುದುರಿದಳು.

"ಇದನ್ನೆಲ್ಲ ಕಿತ್ತು ತಗೊಂಡು ಹೋಗಿ, ಸಾಬರೇ. ನಮ್ಮ ಅಡುಗೆಮನೆಗೆ ಕರೆಂಟೇ ಬೇಡ."

"ಯಾಕೆ ಬ್ಯಾಡ?" ಎಂದಿತು ಗೋಡೆಯ ಹತ್ತಿರದಿಂದ ಒಂದು ದನಿ. ದೊಡ್ಡಮ್ಮ. "ಒಗೆ ಕುಡ್ಕಂಡು ಕತ್ತಲೇಲಿ ಬೇಯ್ಸೋಳು ನಾನೋ, ನೀನೋ? ನಂಗೆ ಬೆಳಕು ಬೇಕು. ಸಾಬರು ಸರಿಯಾಗಿ ಆಕ್ಕೊಡ್ಲಿ. ಅಷ್ಟೇಯ." ಆಮೇಲೆ ಹಮೀದಾಳ ಕಡೆ ತಿರುಗಿದರು. "ಸೌಟು ಕಚ್ತದೆ ಅಂದ್ರೆ ಎಲ್ಲಾರೂವೆ ನಗಾಡುದ್ರಿ. ನೀನೂ ನಗಾಡ್ದ್ಯಾ?"

"ಜೋಮು ಅಂದೆ," ಎಂದಳು ಹಮೀದಾ. ಅವಳ ಕಣ್ಣಿಂದ ನೀರು ಇಳಿಯಿತು.

"ಜೋಮು," ಎಂದರು ದೊಡ್ಡಮ್ಮ. "ಬುಡು, ಅಳಬ್ಯಾಡ. ನಿಂಗಿಂತ ದೊಡ್ಡವರು ಎಣ್ಣೆ ತಿಕ್ಕು ಅಂದ್ರು."

ಲಿಂಗಣ್ಣನವರು ಇದ್ದಕ್ಕಿದ್ದಂತೆ ಹಿತ್ತಲ ಕಡೆ ಏನೋ ಕೆಲಸ ನೆನಪಾಗಿ ಹೊರಟುಹೋದರು.

ಮುಂದಿನ ಭಾನುವಾರ ಅಬ್ಬಾನ ಜ್ವರ ಇಳಿದಿತ್ತು. ಬೆಳಿಗ್ಗೆಯೇ ಚೀಲ ತೆಗೆದುಕೊಂಡು ಹೊರಟವರು ಬಾಗಿಲಲ್ಲಿ ನಿಂತು, "ಬಾ," ಎಂದರು. ತನ್ನನ್ನು ಇನ್ನೆಂದೂ ಕರೆಯುವುದಿಲ್ಲ ಎಂದುಕೊಂಡಿದ್ದ ಹಮೀದಾ ಚಪ್ಪಲಿ ಮೆಟ್ಟುವುದನ್ನೂ ಮರೆತು ಹಿಂದೆ ನಡೆದಳು.

ಅವತ್ತು ಅವಳು ಮೊದಲ ಸಲ ಅಬ್ಬಾನ ಕೆಲಸವನ್ನು ನೋಡಿದಳು. ಎರಡು ಬೇಸಗೆ ಅವಳು ನೋಡಿದ್ದು ಸ್ಕ್ರೂ ಡಬ್ಬಿಯನ್ನು ಮಾತ್ರ.

ಅಬ್ಬಾ ಸೌಟಿನ ಸರಳನ್ನು ಕಿತ್ತು ಎದುರಿನ ಗೋಡೆಗೆ ಹಾಕಿದರು. ಒಲೆಯ ನೇರಕ್ಕೆ ವಯರೇ ಹೋಗದಂತೆ, ಹೊಗೆ ಆವಿ ತಾಗದ ಮೂಲೆಯಲ್ಲಿ ಮರದ ಪಟ್ಟಿ ಹೊಡೆದರು. ವಯರು ಹೊಸದು, ಬಾಗಿಲ ಮೇಲಿನಿಂದ ಬಲ್ಬಿನವರೆಗೆ ಒಂದೇ ಉದ್ದ.

"ಸ್ವಿಚ್ಚು ಯಾಕೆ ಬಾಗಿಲ ಆಚೆ ಹಾಕಿದ್ದೀರಿ, ಅಬ್ಬಾ? ಒಳಗಿದ್ದರೆ ದೊಡ್ಡಮ್ಮನಿಗೆ ಹತ್ತಿರವಾಗ್ತಿತ್ತು."

"ಅಡುಗೆಮನೆಯಲ್ಲಿ ಯಾರ ಕೈ ಒಣಗಿರುತ್ತೆ?" ಎಂದರು ಅಬ್ಬಾ. "ಅಲ್ಲಿವರೆಗೆ ನಡೆಯೋವಾಗ ಸೆರಗಿಗೆ ಒರೆಸಿಕೊಳ್ತಾರೆ."

ಹಮೀದಾ ಆ ಸ್ವಿಚ್ಚನ್ನು ದಿನಾ ನೋಡಿದ್ದಳು. ಅದು ಅಲ್ಲಿರಲು ಒಂದು ಕಾರಣವಿದೆ ಎಂದು ಅವಳಿಗೆ ಹೊಳೆದಿರಲಿಲ್ಲ.

ಜಾಯಿಂಟು ಬೇಕಾದದ್ದು ಒಂದೇ ಕಡೆ, ಬಾಗಿಲ ಮೇಲಿನ ಗುಂಡು ಮರದ ಡಬ್ಬಿಯೊಳಗೆ. ಅಬ್ಬಾ ಏಣಿಯಿಂದ ಇಳಿದರು. "ಹತ್ತು," ಎಂದರು.

"ನಾನಾ?"

"ಮೇನು ತೆಗೆದಿದೆಯಾ, ಮೊದಲು ನೋಡಿಕೊಂಡು ಬಾ."

ಅವಳು ನೋಡಿಕೊಂಡು ಬಂದಳು. ಒಂದು ಸಲ ಅಲ್ಲ, ಎರಡು ಸಲ. ಏಣಿ ಹತ್ತಿ ತಿರುಚಿದಳು. ಅಬ್ಬಾ ಕೆಳಗಿನಿಂದ ವಯರನ್ನು ಎರಡು ಬೆರಳಲ್ಲಿ ಎಳೆದರು. ಕಿತ್ತು ಬಂತು.

"ಮತ್ತೆ."

ಮತ್ತೆ ತಿರುಚಿದಳು. ಮತ್ತೆ ಕಿತ್ತು ಬಂತು. ಕೆಳಗೆ ಕೂತು ನೋಡುತ್ತಿದ್ದ ಸುನಂದಿ, "ಅವತ್ತು ಕಾಲು ಗಂಟೇಲಿ ಆಗೋಯ್ತಲ್ಲೇ," ಎಂದಳು. ಹಮೀದಾ ಅವಳನ್ನು ಕಣ್ಣಲ್ಲೇ ಸುಡಲು ನೋಡಿದಳು. ಆಮೇಲೆ ತನಗೇ ನಗು ಬಂದು ಏಣಿ ಅಲ್ಲಾಡಿತು.

ಐದನೇ ಸಲಕ್ಕೆ ಬಿಗಿಯಾಗಿ ನಿಂತಿತು. ಅಬ್ಬಾ ಬೆಸುಗೆ ಹಾಕಿದರು. ಹಮೀದಾ ಟೇಪು ಸುತ್ತಿದಳು, ಒಂದು ಸುತ್ತಿನ ಅರ್ಧದ ಮೇಲೆ ಇನ್ನೊಂದು ಬರುವಂತೆ. ಒಂದು ಕಡೆ ಟೇಪು ಸುಕ್ಕಾಗಿತ್ತು. ಯಾರೂ ಹೇಳದೆಯೇ ಅದನ್ನು ಬಿಚ್ಚಿ ಮತ್ತೆ ಸುತ್ತಿದಳು. ಆಮೇಲೆ ಡಬ್ಬಿಯ ಮುಚ್ಚಳ ಕೂರಿಸಿ ಎರಡು ಸ್ಕ್ರೂ ಬಿಗಿದಳು. ಈಗ ಗೋಡೆಯ ಮೇಲೆ ಕಾಣುತ್ತಿದ್ದದ್ದು ಒಂದು ಗುಂಡು ಮರದ ಮುಚ್ಚಳ ಮಾತ್ರ.

ಮೇನು ಹಾಕಿದರು. ದೊಡ್ಡಮ್ಮ ಎಡಗೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ಸ್ವಿಚ್ಚು ಒತ್ತಿದರು. ದೀಪ ಹತ್ತಿತು.

ಎಲ್ಲರೂ ಬಲ್ಬನ್ನು ನೋಡಿದರು. ದೊಡ್ಡಮ್ಮ ಸ್ವಲ್ಪ ಹೆಚ್ಚು ಹೊತ್ತೇ ನೋಡಿದರು.

"ಅವತ್ತೂ ಇಷ್ಟೇ ಬೆಳಕಿತ್ತಲ್ಲವ್ವ," ಎಂದರು. "ಅಂಗೇ ಉರೀತಿತ್ತು. ಏನೂ ವ್ಯತ್ಯಾಸ ಕಾಣಾಕಿಲ್ಲ."

ಹಮೀದಾ ಉತ್ತರ ಹೇಳಲು ಬಾಯಿ ತೆರೆದಳು. ಬಾಗಿಲ ಮೇಲಿನ ಮುಚ್ಚಳವನ್ನೊಮ್ಮೆ ನೋಡಿದಳು. ಬಾಯಿ ಮುಚ್ಚಿಕೊಂಡು, ಪೊರಕೆ ಹುಡುಕಿ, ನೆಲದ ಮೇಲೆ ಬಿದ್ದಿದ್ದ ಮರದ ಪುಡಿಯನ್ನು ಗುಡಿಸತೊಡಗಿದಳು.